ಐದು ಮೀಟರ್ ಉಳಿಸತಕ್ಕದ್ದು

ಅಂದು ಗಾಳಿಯೇ ಇರಲಿಲ್ಲ. ಅದನ್ನೇ
ಮೂರು ಸಲ ಬರೆಸಿದ್ದೇನೆ ಅರ್ಜಿಯಲ್ಲಿ.
ಜನವರಿಯ ಮಧ್ಯಾಹ್ನ, ಮೇಟ್‌ಲಂಡಿನಲ್ಲಿ ನಾಯಿಯೂ ಬೊಗಳದ ಸೆಕೆ;
ಥೆಲ್ಮಾ ಪೆನ್‌ಗೆಲಿಯ ನೀಲಗಿರಿ
ನಿಂತಲ್ಲೇ ನಿಂತು
ಒಂದು ತೋಳು ಬಿಟ್ಟುಕೊಟ್ಟಿತು
ಬೇಲಿಯ ಈಚೆಗೆ.

ಕೆಳಗೆ ಕುರ್ಚಿಯಿತ್ತು, ಬಿಳಿ ಪ್ಲಾಸ್ಟಿಕ್ಕಿನದು.
ಮೊಮ್ಮಗಳು ಯಾಸ್ನಾ ಐಸ್ ತರಲು ಒಳಗೆ ಬಂದಿದ್ದಳು.
ಇಷ್ಟೇ. ಇದಕ್ಕಿಂತ ಹೆಚ್ಚು ಹೇಳಲಾರೆ.
(ವಕೀಲ ಅಂದ: ಹೇಳಿ, ಇನ್ನೂ ಹೇಳಿ.)

ಹನ್ನೊಂದು ತಿಂಗಳು ಕಾಗದ ಓಡಾಡಿತು
ಹದಿನಾಲ್ಕು ಹೆಜ್ಜೆ ದೂರದ ಎರಡು ಮನೆಗಳ ನಡುವೆ,
ಸಿಡ್ನಿಯ ಮೇಲೆ ಹಾದು.

ಆಮೇಲೆ ಕೋರ್ಟೇ ಬಂತು. ನಿಜವಾಗಿಯೂ ಬಂತು.
ಕಮಿಷನರ್ ಕೆಸರು ಬೂಟಿನಲ್ಲಿ ಇಳಿದು
ನನ್ನ ಬಟ್ಟೆ ಒಣಹಾಕುವ ಕಂಬದ ಪಕ್ಕ
ಮಡಚುವ ಮೇಜು ಬಿಡಿಸಿದರು.
ನೆರಳು ಎಲ್ಲಿದೆಯೆಂದು ಎಲ್ಲರೂ ನೋಡಿದೆವು.
ಇದ್ದದ್ದು ಒಂದೇ ನೆರಳು.
ಅದರಡಿಯೇ ಕೂತೆವು: ವಾದಿ, ಪ್ರತಿವಾದಿ, ಎರಡು ಫೈಲು,
ತಲೆಗೆ ಹೆಲ್ಮೆಟ್ ಹಾಕಿಕೊಂಡು.

ಆಕೆಯ ಕಡೆಯ ಮರತಜ್ಞ ರಬ್ಬರ್ ಸುತ್ತಿಗೆಯಿಂದ
ಬುಡ ತಟ್ಟಿದ. ಠಕ್ ಠಕ್. "ಗಟ್ಟಿಯಿದೆ."
ನನ್ನವನು ಒಂದು ಗೇಣು ಮೇಲೆ ತಟ್ಟಿದ. ಡೊಬ್ ಡೊಬ್. "ಪೊಳ್ಳು."
ಸಂತೆಯಲ್ಲಿ ಕಲ್ಲಂಗಡಿ ಆರಿಸುವವರ ಹಾಗೆ.
"ಪೊಳ್ಳಿನಲ್ಲಿ ಗಿಳಿಗಳಿವೆ," ಥೆಲ್ಮಾ ಎಂದಳು,
"ಕೆಂಪು ತಲೆಯವು. ಅವಕ್ಕೂ ನೋಟಿಸು ಕೊಟ್ಟಿದ್ದೀರಾ?"
ಕಮಿಷನರ್ ನಗಲಿಲ್ಲ.
ಬರೆದುಕೊಂಡರು.

ಆದೇಶ: ತೊಂಬತ್ತು ದಿನದೊಳಗೆ ಕೊಂಬೆಗಳನ್ನು ಇಳಿಸತಕ್ಕದ್ದು.
ಖರ್ಚಿನಲ್ಲಿ ಆಕೆಯದು ಮೂರು ಪಾಲು, ನನ್ನದು ಒಂದು.
ಕಾಂಡ ಐದು ಮೀಟರ್ ಉಳಿಸತಕ್ಕದ್ದು, ಗಿಳಿಗಳ ಸಲುವಾಗಿ.
ಕುರ್ಚಿಯ ಬಾಬ್ತು ಹದಿನೆಂಟು ಡಾಲರ್.

ಕೋರ್ಟಿನಲ್ಲಿ ಗೆದ್ದವನು ಸೋತ ಅನ್ನುತ್ತಾರೆ. ನಾನು ಸೋಲಲಿಲ್ಲ,
ಹದಿನೆಂಟು ಡಾಲರ್ ಬಂದಿದೆ.
ಆದರೆ ಈಗ ಮೂರು ಗಂಟೆಯ ಬಿಸಿಲು
ಕೇಳದೆ ಕೊಳ್ಳದೆ ಅಡುಗೆಮನೆಗೆ ನುಗ್ಗುತ್ತದೆ,
ಅದರ ಹಿಂದೆಯೇ ಥೆಲ್ಮಾಳ ಕಿಟಕಿ.
ಮೂವತ್ತೊಂದು ವರ್ಷ ಎಲೆಗಳ ಹಿಂದಿದ್ದ ಕಿಟಕಿ:
ಹಸಿರು ಕೆಟಲ್, ರೇಡಿಯೋ,
ಒಂದೊಂದೇ ಮಾತ್ರೆ ಎಣಿಸುವ ಬೆರಳು.
ಆಕೆಗೂ ಕಾಣುತ್ತಿರಬೇಕು
ತೂತು ಬಿದ್ದ ನನ್ನ ಬನಿಯನ್ನು.
ಪರದೆ ಎಳೆಯಬೇಕಾದವರು ಯಾರೆಂದು
ಆದೇಶದಲ್ಲಿ ಬರೆದಿಲ್ಲ.

ಹೊಸ ಕುರ್ಚಿಯನ್ನು ಯಾಸ್ನಾ
ಹಳೆಯದಿದ್ದ ಜಾಗದಲ್ಲೇ ಹಾಕಿಕೊಂಡು ಓದುತ್ತಾಳೆ.
ನಾನು ತಲೆಯೆತ್ತಿ ನೋಡುತ್ತೇನೆ.
ಮೇಲೆ ಏನೂ ಇಲ್ಲ, ಆಕಾಶ ಬಿಟ್ಟರೆ.
ಆದರೂ ಗಾಳಿ ನಿಂತ ಮಧ್ಯಾಹ್ನ
ಕೂಗುತ್ತೇನೆ ಒಳಗಿನಿಂದ:
ಯಾಸ್ನಾ, ಐಸ್ ತಗೊಂಡು ಹೋಗು ಬಾ.