ಮೂರನೇ ಗೇಟಿನ ಟೇಬಲ್ಲು

ಸೀಟಿ ಕೊಟ್ಟಾರ, ನೀಲಿ ಶರ್ಟು ಕೊಟ್ಟಾರ,
ಎದಿ ಮ್ಯಾಲ ಒಂದು ಬಿಲ್ಲೆ, ಫಕೀರಮ್ಮ ಅಂತ ತಪ್ಪು ಬರದದ್ದು.
ನಾ ಫಕ್ಕೀರವ್ವ. ಇರಲಿ.
ದಿನಕ್ಕ ಐನೂರು. ಬುತ್ತಿ ನಮ್ಮದ ನಾವು ತರಬೇಕು.

ಹೇಳಿಕೊಟ್ಟದ್ದು ಇಷ್ಟ:
ಹೊರಗಿನ ತಿನಿಸು ಒಳಗ ಬ್ಯಾಡ, ನೀರೂ ಬ್ಯಾಡ.
ಕೂಸಿನ ಹಾಲು ನಡೀತೈತಿ. ಗುಳಿಗಿ ನಡೀತೈತಿ, ಚೀಟಿ ಇದ್ರ.
ನಗಬ್ಯಾಡ. ವಾದ ಹಾಕಬ್ಯಾಡ.
ಟೇಬಲ್ ಮ್ಯಾಲ ಇಡಿಸು, ಮುಂದ ಕಳಸು.

ಚಿಗರಿ ಬಸ್ಸು ಇಳಿಸಿದ ಮಂದಿ
ರಾಜನಗರದ ಬಿಸಲಾಗ ಸಾಲು ಹಿಡದು ಬಂದ್ರು,
ಗಲ್ಲಕ್ಕ ಬಣ್ಣ, ಕೈಯಾಗ ಬಾವುಟ,
ಬಗಲಾಗ ಚೀಲ.

ಚೀಲದಾಗ ಕೈ ಇಟ್ಟರ ಮನಿ ಸಿಗತಾವ.
ಕಣ್ಣು ಬೇಕಾಗೂದಿಲ್ಲ, ಬೆರಳ ಸಾಕು:
ಇದು ಕಟಿ ರೊಟ್ಟಿ, ಅಂಚಿಗೆ ಎಳ್ಳು.
ಇದು ಶೇಂಗಾದ ಹೋಳಗಿ, ತುಪ್ಪ ಕಾಗದಕ್ಕ ಹತ್ತೈತಿ.
ಇದು ನಿನ್ನಿ ರಾತ್ರಿ ಚಪಾತಿ, ಸುರುಳಿ ಸುತ್ತಿದ್ದು, ಒಳಗ ಸಕ್ರಿ.
ತಾಯಿ ಊರಾಗಿಲ್ಲ, ಅಪ್ಪ ಕಟ್ಟ್ಯಾನ.

ನೀರು ಬಿಡಲಾರದವರು ಗೇಟಿನ್ಯಾಗ ನಿಂತು
ಒಂದ ಉಸರಿಗೆ ಬಾಟ್ಲಿ ಖಾಲಿ ಮಾಡಿದ್ರು,
ಹೊಟ್ಟಿಯಾಗ ತುಂಬಿಕೊಂಡು ಒಳಗ ಹೋದ್ರು.
ಹೊಟ್ಟಿ ತಪಾಸ ಮಾಡೂ ಮಶೀನು ಹುಬ್ಬಳ್ಳಿಗೆ ಇನ್ನೂ ಬಂದಿಲ್ಲ.

ಹೋದ ವರ್ಷ ಯಾರೋ
ಬೌಂಡರಿಗೆ ನಿಂತ ಹುಡುಗನ ತಲಿಗೆ ಬಾಟ್ಲಿ ಒಗದಿದ್ನಂತ,
ನಾಕು ಹೊಲಿಗಿ. ಅದೂ ಖರೆ.
ಆದ್ರ ರೊಟ್ಟಿ ಒಗದು ಯಾರ ತಲಿ ಒಡದಾರ?
(ಕಟಿ ರೊಟ್ಟಿ ಆದ್ರ ಒಡದೀತು. ಅದೂ ಖರೆ.)

ತುಳಜಾಸಾ ಅನ್ನಾಂವ
ಎರಡು ಖಾನಿ ಸ್ಟೀಲಿನ ಡಬ್ಬಿ ಎದಿಗವಚಿ ನಿಂತ.
"ಅಕ್ಕಾರ, ಇದು ತಿನಿಸಲ್ರೀ. ಇದು ಸಾವಜಿ."
ನಗಬ್ಯಾಡ ಅಂದಿದ್ರು. ನಕ್ಕೆ.
"ಒಳಗ ಅನ್ನಕ್ಕ ಇನ್ನೂರೈವತ್ತು, ನೀರಿಗೆ ಎಂಬತ್ತು,
ಖಾರ ಅಂದ್ರ ಸಾಸು ತೋರಸ್ತಾರ."
ಡಬ್ಬಿ ಟೇಬಲ್ಲಿಗೆ ಬಂತು.
ಮಸಾಲಿ ವಾಸನಿ ಅವನ ಬೆನ್ನ ಹತ್ತಿ ಒಳಗ ಹೋತು.
ವಾಸನಿ ತಡಿಯೂದು ನನಗ ಯಾರೂ ಕಲಿಸಿರಲಿಲ್ಲ.

ಮಧ್ಯಾಹ್ನ ಒಳಗ ಹೋ ಅಂದ್ರು.
ಸಿಕ್ಸೋ, ಔಟೋ,
ಮೈದಾನಕ್ಕ ಬೆನ್ನು ಮಾಡಿ ನಿಂತಾಕಿಗೆ ಎಲ್ಲಾ ಒಂದ.

ಮೂರಕ್ಕ ಕಾರ್ಪೊರೇಶನ್ ಟ್ರ್ಯಾಕ್ಟರು.
ಟೇಬಲ್ ಎತ್ತಿ ಬೋರಲ ಹಾಕಿದ್ರು.
ಕೆಳಗ ಇದ್ದ ಹಳದಿ ಅರಿವಿ ಗಂಟು,
ಎರಡು ರೊಟ್ಟಿ, ಪುಂಡಿಪಲ್ಲೆ, ಉಳ್ಳಾಗಡ್ಡಿ, ಅದೂ ಹೋತು.
"ಏ ತಮ್ಮಾ, ಅದು ನನ್ನ ಬುತ್ತಿ!"
ಸುಪರ್ವೈಜರ ಚಂಬಣ್ಣ ತಲಿ ಎತ್ತಲಿಲ್ಲ:
"ಚೀಟಿ ಐತೇನು?"
ಮುಂಜಾನಿಂದ ನಾನ ನೂರು ಸಲ ಕೇಳಿದ ಮಾತು.
ನನಗ ಹತ್ತಿದ್ದು ಅದ ಮೊದಲು.

ಸ್ವಲ್ಪ ಹೊತ್ತಿಗೆ ತುಳಜಾಸಾ ಹೊರಗ ಬಂದ.
ಒಮ್ಮೆ ಹೊರಗ ಬಂದ್ರ ಮತ್ತ ಒಳಗ ಬಿಡೂದಿಲ್ಲ.
ಗೊತ್ತಿದ್ದ ಬಂದಿದ್ದ.
"ಅನ್ನ ಹೋಗಲಿ, ಡಬ್ಬಿ ನಮ್ಮವ್ವಂದ್ರೀ,
ಮುಚ್ಚಳದ ಮ್ಯಾಲ ಆಕಿ ಹೆಸರೈತಿ."

ನಾ ಕುಂತ ಕುರ್ಚಿ ಸರಿಸಿದೆ.
ಹಿಂದ, ಛತ್ರಿ ಕೆಳಗ, ಡಬ್ಬಿ.
ಯಾಕ ಅದೊಂದನ್ನ ಎತ್ತಿಟ್ಟೆ ಅಂತ ಕೇಳಬ್ಯಾಡ್ರಿ,
ನನಗೂ ಗೊತ್ತಿಲ್ಲ.

ಕಂಪೌಂಡ್ ಗ್ವಾಡಿ ನೆರಳಾಗ ಕುಂತು ಅಂವ ಬಿಚ್ಚಿದ.
"ಬರ್ರಿ ಅಕ್ಕಾರ."
"ಶನಿವಾರೋ ಯಪ್ಪಾ, ನಾ ಮುಟ್ಟೂದಿಲ್ಲ."
ಅಂವ ನನ್ನ ಬಿಲ್ಲೆ ನೋಡಿದ, ಬಾಯಿ ನೋಡಿದ:
"ಹಂಗಾರ ಈ ಗೇಟಿಗೂ ತಪಾಸ ಐತಿ ಅನ್ರಿ."

ಮ್ಯಾಲಿನ ಖಾನಿಯಾಗ ರೊಟ್ಟಿ ಇದ್ದುವು.
ಒಂದು ಕೊಟ್ಟ. ಬರೇ ರೊಟ್ಟಿ ಮುರದು ತಿಂದೆ,
ಖಾರದ ವಾಸನಿ ಪಲ್ಲೆ ಮಾಡಿಕೊಂಡು.
ಒಳಗ ಮತ್ತ ಹೋ ಅಂದ್ರು, ಭಾಳ ಹೊತ್ತು.
ಅಂವ ಎಲುವು ಚೀಪಾಕತ್ತಿದ್ದ,
ತಿರುಗಿ ನೋಡಲಿಲ್ಲ.