ಉಳಿ

ದಾವಲಸಾಬ ನದಾಫರ ಬಾವಿ ಮೂವತ್ತು ಫೂಟಿಗಿಳಿದಾಗ
ಎರೆ ಮುಗಿದು, ಗರಸು ಮುಗಿದು,
ಕರಿಕಲ್ಲಿನ ಎರಡು ಪದರುಗಳ ನಡುವಿಂದ
ಒಂದು ತುಂಡು ಮೇಲೆ ಬಂತು.
ತೊಡೆಯಷ್ಟು ದಪ್ಪ. ತೊಗಟೆಯಿತ್ತು, ಗಂಟಿತ್ತು.
"ಕಟಗಿ" ಅಂದ ಕ್ರೇನಿನ ಹುಡುಗ.
ಇಬ್ಬರು ಎತ್ತಿದರೂ ಏಳಲಿಲ್ಲ.

ಕಟಗಿ ಅಂದಮೇಲೆ ನಮ್ಮಲ್ಲಿಗೇ ಬರಬೇಕಲ್ಲ,
ಹೊನವಾಡದ ಆ ಓಣಿಗೆ ನಾವೊಬ್ಬರೇ ಬಡಿಗೇರರು.

ಅಪ್ಪ ಮೊದಲು ಮೂಸಿದ. ವಾಸನೆಯಿಲ್ಲ.
ಉಗುರಿನಿಂದ ಸುತ್ತು ಎಣಿಸಿದ, ನಲವತ್ತೊಂದು.
ಹನ್ನೆರಡನೆಯದು ದಾರದೆಳೆಯಷ್ಟು ಸಣ್ಣ.
"ಆ ವರ್ಷ ಮಳಿ ಕೈಕೊಟ್ಟೈತಿ ನೋಡು,"
ನಿನ್ನೆ ಮೊನ್ನೆಯ ಮಾತೆಂಬಂತೆ ಮರುಗಿದ.
ಗರಗಸ ಇಟ್ಟ.
ಮೂರು ಹಲ್ಲು ಹೋದವು.
"ಇದು ನಂದಲ್ಲ, ಯಂಕಪ್ಪಂದು."

ಕಲ್ಲೊಡೆಯುವ ಯಂಕಪ್ಪ ಬಂದು
ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು,
"ಇದಕ್ಕ ನಾರೈತಿ, ಕಾಳಪ್ಪ.
ನಾರಿದ್ದದ್ದು ನಂದಲ್ಲ" ಅಂದು ಹೋದ.

ಸಾಲಿ ಬಿಟ್ಟಮೇಲೆ ಹಂಜಗಿ ಅಕ್ಕೋರು ಬಂದು
ಹೆಸರುಗಳ ಗಂಟು ಬಿಚ್ಚಿದರು:
ಜೀವಾಶ್ಮ, ಅಶ್ಮೀಭೂತ, ಶಿಲೀಭೂತ...
ಎರಡೆರಡು ಭೂತ ಕೇಳಿ ಅವ್ವ ಹೊಸ್ತಿಲಲ್ಲೇ ನಿಂತಳು.
"ಕನ್ನಡದಾಗ ಹೇಳ್ರಿ."
"ಪಳೆಯುಳಿಕೆ."
ಅಪ್ಪ ಆ ಶಬ್ದವನ್ನು ಬಾಯೊಳಗೆ ಹೊರಳಿಸಿದ.
ನಟ್ಟನಡುವೆ ಉಳಿ ಸಿಕ್ಕಿತು. ನಕ್ಕ.

"ಎಲಿ ಒತ್ತಿದ ಅಚ್ಚೂ ಪಳೆಯುಳಿಕೀನೇ, ಹುಳದ ಹೆಜ್ಜೀನೂ.
ಇದು ಮಾತ್ರ ಕಲ್ಲಾದದ್ದು. ಊಹೂಂ,"
ಅಕ್ಕೋರು ತಮ್ಮನ್ನೇ ತಿದ್ದಿಕೊಂಡರು,
"ಮರ ಕಲ್ಲಾಗೂದಿಲ್ಲ.
ಕೆಸರಾಗ ಹುಗಿದು ಗಾಳಿ ಸಿಗದಿದ್ರ
ಕೊಳಿಯೂದು ತಡಾ ಆಗ್ತದ.
ಉಸುಕಿನ ಸತ್ವ ಕರಗಿಸ್ಕೊಂಡ ನೀರು
ನಾರು ನಾರಿಗೂ ಇಳದು,
ಒಂದು ಗ್ವಾಡಿ ಸವದಂಗ ಅಲ್ಲೇ ಒಂದು ಗ್ವಾಡಿ ಎಬ್ಬಸ್ತದ.
ಕಡೀಕ ಮನಿ ಇರ್ತದ,
ಮರ ಇರೂದಿಲ್ಲ."

ಅಪ್ಪ ಎದ್ದು ಒಳಗೆ ಹೋಗಿ ಬಾಚಿ ತಂದ.
"ಇದು ನಮ್ಮಜ್ಜಂದು.
ಕಾವು ನಾನ ನಾಕ ಸಲ ಹಾಕೇನಿ. ಅಲಗು
ಕಮ್ಮಾರ್ರ ಮನ್ಯಾಗ ಎರಡ ಸಲ..."
ಮಾತು ಅಲ್ಲಿಗೇ ನಿಂತಿತು.
ಅಕ್ಕೋರು ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ.
ಬಾಚಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು
ಬಹಳ ಹೊತ್ತು ನೋಡಿದರು.

ಈಗದು ಕಮ್ಮಟದ ಮೂಲೆಯಲ್ಲಿದೆ.
ಅಪ್ಪ ಅದರ ಮೇಲೆ ಉಳಿ ಮಸೆಯುತ್ತಾನೆ.
ಮಸೆಯುವ ಮುಂಚೆ ಒಂದು ಬೊಗಸೆ ನೀರು ಹನಿಸಿದರೆ
ಬೂದಿಬಣ್ಣ ಜಾರಿ
ಸುತ್ತುಗಳು ಒಂದೊಂದೇ ಕೆಂಪಗೆ ಏಳುತ್ತವೆ.
ಹನ್ನೆರಡನೆಯದು
ಕಡೆಗೆ ಒದ್ದೆಯಾಗುತ್ತದೆ.