ಅಶ್ವಶಕ್ತಿ

ಕ್ವಮ್ ಹೆಲಿಗ್ ಕಣಿವೆಗೆ ಅಕ್ಟೋಬರಿನ ಎರಡನೇ ಶನಿವಾರ
ಎಮ್ಲಿನ್ ತನ್ನ ಮಾರ್ಷಲ್ ತರುತ್ತಾನೆ, ಐವರ್ ತನ್ನ ಬೂದು ಫರ್ಗಿ.
ಗೇಟಿನ ಮೇಲೆ ನಾನು, ಕಿವಿಗೆ ಪೆನ್ಸಿಲು ಸಿಕ್ಕಿಸಿ,
ಇಪ್ಪತ್ತಾರು ವರ್ಷದಿಂದ
ಸಂಬಳವಿಲ್ಲದ ಗುಮಾಸ್ತೆ.

ಮಾರ್ಷಲ್‌ಗೆ ಒಂದೇ ಸಿಲಿಂಡರು.
ಅದರೊಳಗೆ ಬೆಕ್ಕು ಮರಿ ಹಾಕಬಹುದು ಅಂತ ಐವರ್.
ಎಬ್ಬಿಸಬೇಕಾದರೆ ತೋಟಾ ತುಂಬಿ
ಸುತ್ತಿಗೆಯಲ್ಲಿ ಒಂದೇ ಪೆಟ್ಟು
ಈಡು ಹಾರುತ್ತದೆ, ಕಾಗೆಗಳೆಲ್ಲ ಆಚೆ ಊರಿನ ಚರ್ಚಿಗೆ.
ಆಮೇಲೆ ಡುಬ್.
ಡುಬ್.
ನಡುವಿನ ಬಿಡುವಲ್ಲಿ ಯಾರನ್ನಾದರೂ ಬೈದು ಮುಗಿಸಬಹುದು.
ನಿಂತಲ್ಲೇ ಕುಪ್ಪಳಿಸುತ್ತದೆ
ಗೂಟಕ್ಕೆ ಕಟ್ಟಿದ ಟಗರು.

ಫರ್ಗಿಯ ಮನೆತನ ಬೇರೆ.
ಪೆಟ್ರೋಲಿನಲ್ಲಿ ಕಣ್ಣು ಬಿಟ್ಟು, ಮೈ ಬಿಸಿಯಾದ ಮೇಲೆ
ಸೀಮೆಎಣ್ಣೆಗೆ ಒಗ್ಗಿಕೊಳ್ಳುತ್ತದೆ.
ಹೊಲಿಗೆ ಯಂತ್ರದ ಸದ್ದು. ತೂಕವೂ ಮಾರ್ಷಲ್‌ನ ಅರ್ಧಕ್ಕೆ ಕಡಿಮೆ.
'ಇದು ಟ್ರ್ಯಾಕ್ಟರೋ ಚಹಾದ ಗಾಡಿಯೋ' ಎಂದು ಎಮ್ಲಿನ್,
ಪ್ರತಿವರ್ಷ ಇದೇ ಮಾತು, ಪ್ರತಿವರ್ಷ ಹೊಸದಾಗಿ ನಗು.

ಕೆಳಗಿನ ಹೊಲ, ಒಣನೆಲ:
ಮಾರ್ಷಲ್ ಮೂರು ಕುಳ ಎಳೆದು, ಮೂರು ಸುತ್ತು ಮುಂದೆ.
ಬರೆದೆ.
ಮೇಲಿನ ಹೊಲ, ಬಡಗಣ ಮಗ್ಗುಲು, ಜೊಂಡು:
ಫರ್ಗಿ ನೇಗಿಲನ್ನು ಬೆನ್ನಿಗೇ ಕಟ್ಟಿಕೊಂಡು ಹತ್ತುತ್ತದೆ,
ನೆಲ ಬಿಗಿದಷ್ಟೂ ನೇಗಿಲ ಭಾರ ಗಾಲಿಗೆ ಇಳಿದು
ಗಾಲಿ ಇನ್ನಷ್ಟು ಕಚ್ಚುತ್ತದೆ.
ಇದನ್ನೂ ಬರೆದೆ.
ಕೊನೆಗೆ ಸಮ. ಯಾವಾಗಲೂ ಸಮ.
ಇಬ್ಬರೂ ನನ್ನ ಮೇಲೆ ಸಿಟ್ಟಾಗಿ ಮನೆಗೆ ಹೋಗುತ್ತಾರೆ.

ಈ ಸಲ ಕಾರಿನಲ್ಲಿ ಕಂಬಳಿ ಹೊದ್ದು ಮೊಡ್ಲೆನ್ ಚಿಕ್ಕಮ್ಮ.
ಕಿಟಕಿ ಇಳಿಸಿ ಕೇಳಿದಳು: ಅದರದೆಷ್ಟು?
ನಲವತ್ತು ಅಶ್ವಶಕ್ತಿ, ಚಿಕ್ಕಮ್ಮ.
ಇದರದು?
ಇಪ್ಪತ್ತೆಂಟು, ಬೆನ್ನಿಗೆ ಗಾಳಿಯಿದ್ದರೆ.
ಸ್ವಲ್ಪ ಹೊತ್ತು ಮೇಲಿನ ಹೊಲ ನೋಡಿದಳು.
ನಲವತ್ತು ಕುದುರೆ ಅಂದೆಯಲ್ಲ, ಯಾವ ಕುದುರೆ?

ಬುಧವಾರ ಮಾರ್ಷಲ್ ಬಂತಂತೆ. ಎಮ್ಲಿನ್‌ನ ಅಪ್ಪ ಹೊಸ ಟೋಪಿ ಹಾಕಿದ್ದನಂತೆ.
ಶುಕ್ರವಾರ ಡ್ಯೂಕ್ ಲಾರಿ ಹತ್ತಿದ,
ಹತ್ತಲು ಹಟ ಮಾಡಲಿಲ್ಲ, ಯಾವತ್ತೂ ಮಾಡಿದವನಲ್ಲ,
ಒಂದು ಕಡೆ ಬಿಟ್ಟು.
'ಅಗೋ ಆ ಜೊಂಡಿನ ಹತ್ತಿರ. ನೆಲದೊಳಗೆ ಹಳೇ ಕಲ್ಲುಕಾಲುವೆ ಇದೆ.
ಅಲ್ಲಿಗೆ ಬಂದರೆ ನಿಂತುಬಿಡುವನು.
ಹೊಡೆದರೂ ನಿಲ್ಲುವನು. ನೀನು ಸುತ್ತಿಕೊಂಡು ಹೋಗುವವರೆಗೂ.
ಅದಕ್ಕೆಷ್ಟು ಹಾಕಿಕೊಳ್ಳುತ್ತೀ ಪುಸ್ತಕದಲ್ಲಿ?'

ನಾನು ಉತ್ತರ ಹುಡುಕುತ್ತಿರುವಾಗಲೇ
ಅಗೋ ಆ ಜೊಂಡಿನ ಹತ್ತಿರ
ಮಾರ್ಷಲ್‌ನ ಬಲಗಾಲು ಒಳಕ್ಕೆ ಹೋಯಿತು.
ಅಚ್ಚಿನವರೆಗೂ. ಡುಬ್, ಕೆಸರು, ಡುಬ್, ಕೆಸರು.
ಎಮ್ಲಿನ್ ವೆಲ್ಷ್‌ನಲ್ಲಿ ಏನೇನೋ ಅಂದ, ಚಿಕ್ಕಮ್ಮ ಕಿವಿ ಮುಚ್ಚಲಿಲ್ಲ.

ಐವರ್ ನಗಲಿಲ್ಲ. ಅದೇ ಆಶ್ಚರ್ಯ.
ಫರ್ಗಿಯನ್ನು ತಂದು ಮುಂದೆ ನಿಲ್ಲಿಸಿದ, ಸರಪಳಿ ಬಿಗಿದ,
ಬೂದು ಮುಂದೆ, ಹಸಿರು ಹಿಂದೆ,
ಮೊದಲ ಬಾರಿಗೆ ಎರಡೂ ಒಂದೇ ದಿಕ್ಕಿಗೆ ಎಳೆದವು
ಎನ್ನುವುದನ್ನು ಬರೆಯಲು ಅಂಕಣವೇ ಇರಲಿಲ್ಲ.
ಗಾಲಿ ಬಿಡಿಸಿಕೊಂಡಾಗ ತೂತಿನೊಳಗಿಂದ
ನೀರು ಹರಿಯುವ ಸದ್ದು ಕೇಳಿತು, ಬಹಳ ಹಳೆಯ ನೀರು,
ತನ್ನ ಪಾಡಿಗೆ ತಾನು.

ಅರವತ್ತೆಂಟು ಕುದುರೆ, ಒಂದು ಗುಂಡಿ, ಅಂದಳು ಚಿಕ್ಕಮ್ಮ.
ಕಿಟಕಿ ಏರಿಸು, ಚಳಿ.

ಪುಸ್ತಕದಲ್ಲಿ 'ಸಮ' ಎಂದೇ ಇದೆ.
ಅದರ ಕೆಳಗೆ, ಅಳಿಸಬಹುದಾದ ಪೆನ್ಸಿಲಿನಲ್ಲಿ,
ಡ್ಯೂಕ್: ನಿಂತ.